ಏಳು ಬಿಂದಿಗಳ ಹಾರ್ಮೋನಿಯಂ

ಮಕ್ಕಳೇ, ನಾನು ಚಿಕ್ಕವನಿದ್ದಾಗಲೂ ನನ್ನ ಚಿಂತೆಗಳು ಚಿಕ್ಕವಾಗಿರಲಿಲ್ಲ. ಶಾಲೆಯ ಬಸ್ಸು ಬರದಿದ್ದರೆ ಎಂಬುದು ಒಂದು ಚಿಂತೆಯಾದರೆ, ಬಂದೇಬಿಟ್ಟರೆ ಎಂಬುದು ಇನ್ನೊಂದು. ಅರ್ಧ ಆಯುಷ್ಯ ವೇದಿಕೆಯ ಮೇಲೆ ಹಾರ್ಮೋನಿಯಂ ನುಡಿಸಿದ ಮೇಲೂ ಪರದೆ ಏಳುವ ಮುಂಚೆ ನನ್ನ ಅಂಗೈ ಒದ್ದೆಯಾಗುತ್ತದೆ. ಇದು ಶುರುವಾದದ್ದು ದಿಲ್ಲಿಯ ಸರೋಜಿನಿ ನಗರದಲ್ಲಿ, ಜನವರಿಯ ಒಂದು ಭಾನುವಾರ.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಪ್ಪನ ತಬಲಾ, ಅಕ್ಕನ ಹಾಡು, ನನ್ನ ಹಾರ್ಮೋನಿಯಂ. ಆ ವರ್ಷ ಕಾಲೊನಿಯ ಕನ್ನಡಿಗರು ಸಂಕ್ರಾಂತಿಗೆ ಧಾರವಾಡದಿಂದ ಒಬ್ಬ ಗಾಯಕರನ್ನು ಅತಿಥಿಯಾಗಿ ಕರೆಸಿದ್ದರು. ಅವರೊಡನೆ ಅಕ್ಕ ಒಂದು ಹಾಡು ಹಾಡಬೇಕು, ನಾನು ನುಡಿಸಬೇಕು.

ಹಾರ್ಮೋನಿಯಂನಲ್ಲಿ ಬೆರಳಿಟ್ಟು ಒತ್ತುವ ಪಟ್ಟಿಗಳಿಗೆ ಮನೆ ಎನ್ನುತ್ತೇವೆ. ‘ಸ’ ಇಂಥದ್ದೇ ಮನೆಯಲ್ಲಿರಬೇಕೆಂದೇನಿಲ್ಲ; ಹಾಡುವವರ ಗಂಟಲಿಗೆ ಎಲ್ಲಿ ಹಿತವೋ ಅಲ್ಲಿ. ಗಾಯಕರು ತಮ್ಮದು ಮೊದಲನೆಯ ಬಿಳಿ ಮನೆ ಎಂದು ಕಾಗದ ಬರೆದಿದ್ದರು. ಅಲ್ಲಿಂದ ಹೊರಟರೆ ನಮ್ಮ ಹಾಡಿನ ಏಳೂ ಸ್ವರ ಬಿಳಿ ಮನೆಗಳಲ್ಲೇ ಸಿಗುತ್ತವೆ. ಒಂದು ತಿಂಗಳು ಹಾಗೇ ಅಭ್ಯಾಸ ಮಾಡಿದೆ. ಕಪ್ಪು ಮನೆಗಳಿರುವುದು ಅಂದಕ್ಕೆ ಎಂದೇ ನಂಬಿದ್ದೆ.

ಆ ಬೆಳಿಗ್ಗೆ ಗಾಯಕರು ಮಂಜಿನಲ್ಲಿ ರೈಲಿಳಿದು ನಮ್ಮ ಮನೆಗೆ ಬಂದರು. ಮಫ್ಲರ್ ಬಿಚ್ಚಿ, ಶುಂಠಿ ಚಹಾ ಕುಡಿದು ಬಾಯಿ ತೆರೆದರೆ, ತುಕ್ಕು ಹಿಡಿದ ಬಾಗಿಲಿನ ಸದ್ದು!

“ನಿಮ್ಮ ದಿಲ್ಲಿ ಥಂಡಿ ಗಂಟಲಾ ಹಿಡದದ ನೋಡ್ರಿ. ಒಂದ ಒಂದು ಮನಿ ಕೆಳಗ ಹಾಡ್ತೀನಿ, ಅಷ್ಟ.”

ಅವರಿಗೆ ಅಷ್ಟೇ. ನನ್ನ ಬೆರಳುಗಳಿಗೆ ಊರೇ ಬದಲಾಗಿತ್ತು. ಒಂದು ಮನೆ ಕೆಳಗಿಳಿದರೆ ಏಳರಲ್ಲಿ ಐದು ಸ್ವರ ಕಪ್ಪು ಮನೆಗೆ ಹೋಗಿಬಿಡುತ್ತವೆ. ನನ್ನ ಮುಖ ನೋಡಿ ಅಪ್ಪ, “ಅಚ್ಛಾ, ಬಿಡು. ತಂಬೂರಿ ಸಾಕು. ನೀನು ಮುಂದಿನ ವರ್ಷ ನುಡಿಸು” ಎಂದರು.

ಬೇರೆ ದಿನವಾಗಿದ್ದರೆ ಬದುಕಿದೆಯಾ ಬಡಜೀವವೇ ಅನ್ನುತ್ತಿದ್ದೆ. ಅಂದು ಯಾಕೋ ರೊಚ್ಚು ಬಂತು. “ಇಲ್ಲ, ಇವತ್ತೇ ನುಡಿಸ್ತೀನಿ” ಎಂದೆ. ಹಾರ್ಮೋನಿಯಂ ಹೊತ್ತು ಟೆರೇಸಿಗೆ ಹತ್ತಿದೆ.

ಅಲ್ಲಿ ಎಳೆಬಿಸಿಲು, ಪಕ್ಕದವರು ಸುಲಿಯುತ್ತಿದ್ದ ಕಿತ್ತಳೆಯ ಘಮ. ಅಕ್ಕ ಬಜಾರಿನಿಂದ ತಂದಿದ್ದ ತನ್ನ ಅಂಟು ಬಿಂದಿಗಳನ್ನು ಒಂದೊಂದಾಗಿ ಕಿತ್ತು, ಬೇಕಾದ ಏಳು ಮನೆಗಳ ಮೇಲೆ ಅಂಟಿಸಿದಳು. “ಕೆಂಪು ಕಂಡಲ್ಲಿ ಒತ್ತೋ, ಗೂಬೆ. ಮಿಕ್ಕಿದ್ದನ್ನ ಮುಟ್ಟಬೇಡ.” ಬಿಸಿಲು ನೀರಿನ ಟ್ಯಾಂಕಿನ ಹಿಂದೆ ಜಾರುವವರೆಗೂ ಒತ್ತಿದೆ. ಊಟಕ್ಕೂ ಇಳಿಯಲಿಲ್ಲ.

ಸಂಜೆ ಸಭಾಂಗಣದ ತುಂಬ ಸ್ವೆಟರುಗಳ ನುಸಿಗುಳಿಗೆ ವಾಸನೆ, ಎಳ್ಳುಬೆಲ್ಲ ಅಗಿಯುವ ಸದ್ದು. ಎರಡು ಚರಣ ಸಲೀಸಾಗಿ ಸಾಗಿತು. ಆ ಚಳಿಯಲ್ಲೂ ಬೆವರುತ್ತಿದ್ದ ನಾನು ಸಾಲುಗಳ ನಡುವೆ ಹಣೆ ಒರೆಸಿಕೊಂಡೆ. ಸಭೆ ಕಿಸಕ್ಕೆಂದಿತು. ಯಾಕೆಂದು ತಿಳಿಯಲಿಲ್ಲ. ಕೆಳಗೆ ನೋಡಿದರೆ ‘ಮ’ ಸ್ವರದ ಬಿಂದಿ ಮಾಯ! ಅಂದಾಜಿನ ಮೇಲೆ ಒಂದು ಬಿಳಿ ಮನೆ ಒತ್ತಿದೆ. ಕಾಗೆ ಕೂಗಿದಂತಾಯಿತು.

ಗಾಯಕರು ಕಣ್ಣು ಬಿಡಲಿಲ್ಲ, ಗದರಲಿಲ್ಲ. ಆ ‘ಮ’ದ ಮೇಲೆಯೇ ನಿಂತುಬಿಟ್ಟರು. ಕೆಟ್ಟ ಗಂಟಲಿನಲ್ಲಿ ಅದನ್ನೇ ಎಳೆಯುತ್ತ, ಬಾ ಎನ್ನುವಂತೆ ನನ್ನತ್ತ ಕೈ ಚಾಚಿದರು. ಅಕ್ಕ ದನಿ ಸೇರಿಸಿದಳು. ಅಪ್ಪನ ತಬಲಾ ಮೆಲ್ಲಗೆ ಸುತ್ತುತ್ತಾ ಕಾಯಿತು. ನಾನು ಕಣ್ಣು ಮುಚ್ಚಿದೆ. ಬೆರಳಿಗಿಂತ ಮೊದಲು ಕಿವಿಯಿಂದ ಹುಡುಕಿ, ಪಕ್ಕದ ಮನೆ ಒತ್ತಿದೆ. ನನ್ನ ಸ್ವರ ಅವರಿಬ್ಬರ ಸ್ವರದೊಳಗೆ ಸಕ್ಕರೆಯಂತೆ ಕರಗಿತು. ಗಾಯಕರು ತಲೆಯಾಡಿಸಿ ಮುಂದಿನ ಸಾಲಿಗೆ ನಡೆದರು. ಆಮೇಲೆ ನಾನು ಬಿಂದಿಗಳತ್ತ ನೋಡಲೇ ಇಲ್ಲ.

ಹಾಡು ಮುಗಿದಾಗ ಅಕ್ಕ ನಗು ತಡೆಯಲಾರದೆ, “ಲೋ, ಹಣೆ ಮುಟ್ಕೊಂಡು ನೋಡೋ” ಎಂದಳು. ಕಳೆದುಹೋದ ಬಿಂದಿ ಅಲ್ಲಿತ್ತು! ಗಾಯಕರು ನನ್ನ ಬೆನ್ನು ತಟ್ಟಿ, “ತಗೀಬ್ಯಾಡೋ ತಮ್ಮಾ, ಚೊಲೋ ಒಪ್ಪೇದ” ಎಂದರು.

ಅಲ್ಲಿಂದೀಚೆಗೆ ಎಷ್ಟೋ ಅತಿಥಿ ಗಾಯಕರ ಪಕ್ಕ ಕುಳಿತಿದ್ದೇನೆ. ವೇದಿಕೆ ಹತ್ತಿದ ಮೇಲೆ ಹಾಡನ್ನೇ ಬದಲಿಸುವವರಿದ್ದಾರೆ. ಆಗೆಲ್ಲ ಕಣ್ಣು ಮುಚ್ಚಿ ಅವರ ‘ಸ’ ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಮಯೂರ್ ವಿಹಾರದ ಫ್ಲ್ಯಾಟಿನಲ್ಲಿ ಈ ಫಜೀತಿಯಿಲ್ಲ. ರೋಹಿಣಿ ಬಡಾವಣೆಯ ನಿಮ್ಮ ಗೆಳತಿ ಫೋನಿನಲ್ಲಿ ಹಾಡು ಕಳಿಸುತ್ತಾಳೆ, ನೀವು ಕೀಬೋರ್ಡ್ ನುಡಿಸುತ್ತೀರಿ. ಅವಳ ಗಂಟಲು ಕೆಟ್ಟರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ, “ಅಜ್ಜಾ, ಇತ್ನಾ ಟೆನ್ಶನ್ ಯಾಕೆ? ಟ್ರಾನ್ಸ್‌ಪೋಸ್ ಒತ್ತಿದ್ರೆ ಆಯ್ತು, ಬಸ್!” ಎಂದು ನಕ್ಕಿರಿ. ನಿಜ, ಒಂದು ಗುಂಡಿ ಒತ್ತಿದರೆ ಸ್ವರಗಳೆಲ್ಲ ಒಂದು ಮನೆ ಕೆಳಗಿಳಿಯುತ್ತವೆ. ಬೆರಳುಗಳು ಇದ್ದಲ್ಲೇ ಇರುತ್ತವೆ. ನೋಡಿ ಹೊಟ್ಟೆಕಿಚ್ಚಾಯಿತು.

ಶನಿವಾರ ಸೊಸೈಟಿಯ ಹಾಲಿನಲ್ಲಿ ನಿಮ್ಮ ಮೊದಲ ಕಾರ್ಯಕ್ರಮ. ಧೈರ್ಯವಾಗಿ ನುಡಿಸಿ. ನಾನು ಮೊದಲ ಸಾಲಿನಲ್ಲೇ ಕೂರುತ್ತೇನೆ, ಜೇಬಿನಲ್ಲಿ ಒಂದು ಬಿಂದಿ ಪ್ಯಾಕೆಟ್ಟು ಇಟ್ಟುಕೊಂಡು. ಹಾರ್ಮೋನಿಯಂ ಕಾರಿನಲ್ಲಿರುತ್ತದೆ.

ಅಲ್ಲ, ಕರೆಂಟು ಹೋದರೆ?