ಪಟ್ಟಿಯ ಒಂಬತ್ತನೆಯ ಪದ

ನಮ್ಮ ಸಂಶೋಧನೆಯ ಪರಿಣಾಮ ಅನುಭವಿಸಿದವಳು ಕಾಪುವಿನ ಮೀನು ಮಾರುವ ಒಬ್ಬ ಹೆಂಗಸು. ಆಕೆಯ ಎಡಗಾಲನ್ನು ಕತ್ತರಿಸಬೇಕಾಯಿತು; ಆಮೇಲೆ ಜೀವವೂ ಉಳಿಯಲಿಲ್ಲ. ನನಗೆ ಮಣಿಪಾಲದಲ್ಲಿ ಅಧ್ಯಾಪಕಿಯ ಕೆಲಸ ಸಿಕ್ಕಿತು.

ಆಗ ನಾನು ಸಂಶೋಧನಾ ವಿದ್ಯಾರ್ಥಿನಿ. ಕರಾವಳಿಯ ಜನರ ವಂಶವಾಹಿಗಳೂ ಅವರಾಡುವ ಭಾಷೆಗಳೂ ಎಷ್ಟು ದೂರ ಜೊತೆಯಾಗಿ ಸಾಗಿ ಬಂದಿವೆ, ಎಲ್ಲಿ ಅಗಲಿವೆ ಎಂಬುದು ನಮ್ಮ ತಂಡದ ಪ್ರಶ್ನೆ. ಕಾರ್ಕಳದಿಂದ ಕಾಪುವಿನವರೆಗೆ ಮನೆಮನೆಗೆ ಹೋಗಿ ಎಂಜಲಿನ ಮಾದರಿ ಪಡೆದು, ಇಪ್ಪತ್ತು ತುಳು ಪದಗಳನ್ನು ಹೇಳಿಸಿ ಧ್ವನಿಮುದ್ರಿಸುತ್ತಿದ್ದೆವು.

ಆಕೆ ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ನನ್ನ ಹರಕು ತುಳು ಕೇಳಿ ಕನ್ನಡಕ್ಕೆ ಹೊರಳಿದಳು. ಎಂಜಲಿಗೆಂದು ಕೊಟ್ಟ ಕೊಳವೆಯನ್ನು ತಿರುಗಿಸಿ ನೋಡಿ, "ಎಂತ ಮಗಾ, ಎಂಜಲಿಗೂ ಈಗ ಗಿರಾಕಿ ಉಂಟಾ?" ಎಂದು ನಕ್ಕಳು. ಮತ್ತೆ ಕೇಳಿದಳು: "ಇದರಲ್ಲಿ ಸಕ್ಕರೆ ಕಾಯಿಲೆ ಗೊತ್ತಾಗ್ತದಾ?"

"ಎಲ್ಲ ಗೊತ್ತಾಗ್ತದೆ ಅಮ್ಮಾ," ಎಂದರು ನಮ್ಮ ತಂಡದ ಹಿರಿಯರು.

ಅದು ಸುಳ್ಳು. ನಾನು ತಿದ್ದಲಿಲ್ಲ. ಆಕೆ ಓದಲಾರದ ಇಂಗ್ಲಿಷ್ ಒಪ್ಪಿಗೆಪತ್ರದ ಮೇಲೆ ಆಕೆಯ ಹೆಬ್ಬೆರಳನ್ನು ಹಿಡಿದು ಒತ್ತಿಸಿದವಳೂ ನಾನೇ.

ಅಧ್ಯಾಪಕಿಯಾದ ಮೇಲೆ ಆಕೆಯ ಆ ಧ್ವನಿಯನ್ನು ಪ್ರತಿವರ್ಷ ತರಗತಿಯಲ್ಲಿ ಕೇಳಿಸುತ್ತಿದ್ದೆ. ಒಂಬತ್ತನೆಯ ಪದ 'ಕಾರ್', ಕನ್ನಡದ ಕಾಲು. ಸೋದರ ಭಾಷೆಗಳು ಹೇಗೆ ಬೇರ್ಪಡುತ್ತವೆ ಎಂಬುದಕ್ಕೆ ಸೊಗಸಾದ ಉದಾಹರಣೆ. ಪದದ ಬೆನ್ನಿಗೇ ಆಕೆ, "ಇದೇ ಮಗಾ, ಯಾವಾಗ್ಲೂ ಉರಿ. ಬೆಂಕಿಯಲ್ಲಿ ಇಟ್ಟ ಹಾಗೆ" ಎನ್ನುತ್ತಾಳೆ. ಅನಂತರ ನನ್ನ ಧ್ವನಿ: "ಮುಂದಿನ ಪದ." ವಿದ್ಯಾರ್ಥಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈ ಜೂನ್‌ನಲ್ಲಿ, ತಾಯಿಯಿಂದ ಮಾತ್ರ ಬರುವ ವಂಶವಾಹಿಯ ಪಾಠ ಮಾಡಿದೆ. ಇಲ್ಲಿ ಅದನ್ನು ವಿವರಿಸುವುದು ಸುಲಭ. ತುಳುವರ 'ಬರಿ', ಅಂದರೆ ಕುಲ, ಬರುವುದೇ ತಾಯಿಯ ಕಡೆಯಿಂದ. ಬಳಿಕ ಧ್ವನಿ ಹಾಕಿದೆ. ಒಂಬತ್ತನೆಯ ಪದಕ್ಕೆ ಯಾರೂ ನಗಲಿಲ್ಲ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು.

"ಮೇಡಂ, ಅದು ನನ್ನ ಅಜ್ಜಿ. ಅಮ್ಮನ ಅಮ್ಮ."

ತರಗತಿ ಖಾಲಿಯಾದ ಮೇಲೆ ಉಳಿದದ್ದನ್ನು ಹೇಳಿದಳು. ಕಾಲಿನ ಹುಣ್ಣು ಮಾಗದಿದ್ದರೂ ಅಜ್ಜಿ ಆಸ್ಪತ್ರೆಗೆ ಹೋಗಲಿಲ್ಲವಂತೆ. "'ಕಾಲೇಜಿನವರು ಪರೀಕ್ಷೆ ಮಾಡಿದ್ದಾರೆ, ಕಾಯಿಲೆ ಇದ್ರೆ ಹೇಳದೆ ಇರ್ತಾರಾ?' ಅಂತ ಅಮ್ಮನ ಬಾಯಿ ಮುಚ್ಚಿಸ್ತಿದ್ರು."

ನಾನು ಧ್ವನಿಯಂತ್ರವನ್ನು ಆರಿಸಿದೆ.

"ಆಟಿ ತಿಂಗಳಲ್ಲಿ ನಾವು ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ತೇವೆ. ಅಜ್ಜಿಯನ್ನು ಕರೆಯುವುದು ಆ ಒಂದು ದಿನ. ನೀವು ಇಲ್ಲಿ ಎಷ್ಟು ಸಲ ಕರೆದಿರಿ ಮೇಡಂ? ಅದೂ ಉಣ್ಣಲಿಕ್ಕೆ ಏನೂ ಕೊಡದೆ." ಚೀಲ ಹೆಗಲಿಗೇರಿಸಿ ಮತ್ತೆ ಕೇಳಿದಳು: "ಅಜ್ಜಿಯಲ್ಲಿದ್ದದ್ದು ನನ್ನಲ್ಲೂ ಉಂಟು ಅಂತ ಈಗಷ್ಟೇ ಹೇಳಿದ್ರಲ್ಲ. ಹಾಗಾದ್ರೆ ನಮ್ಮನ್ನು ಯಾಕೆ ಕೇಳಲಿಲ್ಲ? ಈ ಆಟಿಗೆ ಅಜ್ಜಿಯದ್ದೆಲ್ಲ ಮನೆಗೆ ಬರಬೇಕು."

ಮಾದರಿಗಳನ್ನು ಇಟ್ಟಿರುವ ಪ್ರಯೋಗಾಲಯಕ್ಕೆ ಬರೆದೆ. ಮಾದರಿ ಸಂಸ್ಥೆಯ ಸ್ವತ್ತು ಎಂಬ ಒಂದೇ ಸಾಲಿನ ಉತ್ತರ ಬಂತು. ಶೀತಲ ಪೆಟ್ಟಿಗೆಯಲ್ಲಿ ಆಕೆ ಇನ್ನೂ ಸಂಖ್ಯೆಯಾಗಿ ಉಳಿದಿದ್ದಾಳೆ. ಉದ್ಯಾವರ ದಾಟುವ ಬಸ್ಸಿನಲ್ಲಿ ಯಾರಾದರೂ ಕಾಲು ನೀವಿಕೊಂಡರೆ ಸಾಕು, ನನ್ನ ಕಿವಿಯಲ್ಲಿ ಅದೇ ಮಾತು: ಮುಂದಿನ ಪದ. ಆಕೆಯ ದನಿಗಿಂತ ನನ್ನ ದನಿಗೇ ನಾನು ಹೆಚ್ಚು ಹೆದರುತ್ತೇನೆ.

ಸಂಶೋಧನೆಗಳಿಗೆ ಒಪ್ಪಿಗೆ ಕೊಡುವ ನೀತಿ ಸಮಿತಿಯ ಸದಸ್ಯರೇ, ಪ್ರಯೋಗಾಲಯದ ಮುಖ್ಯಸ್ಥರೇ, ಇದನ್ನೆಲ್ಲ ಬರೆದದ್ದು ನಿಮಗೇ: ಆಟಿ ಅಮಾವಾಸ್ಯೆಗೆ ಮೊದಲು ಆ ಕೊಳವೆಯನ್ನೂ ಧ್ವನಿಯ ಮೂಲಪ್ರತಿಯನ್ನೂ ನೀವೇ ಕಾಪುವಿನ ಆ ಮನೆಗೆ ಒಯ್ದು ಆಕೆಯ ಮಗಳ ಕೈಗೆ ಕೊಡಿ. ಸಕ್ಕರೆ ಕಾಯಿಲೆಯನ್ನು ನಾವು ಪರೀಕ್ಷಿಸಿಯೇ ಇರಲಿಲ್ಲವೆಂದು ಅವರ ಅಂಗಳದಲ್ಲಿ ನಿಂತು ತುಳುವಿನಲ್ಲಿ ಹೇಳಿ. ನಾನೂ ಬರುತ್ತೇನೆ. ನನ್ನ ಹರಕು ತುಳುವಿನಲ್ಲಿ ಮೊದಲು ನಾನೇ ಹೇಳುತ್ತೇನೆ.