ಅಟ್ಟದಿಂದಿಳಿದ ಯಜಮಾನ

ಅಲ್ಲ ಕಣ್ರೇ, ಈ ವಾಟ್ಸಾಪ್ ಗುಂಪಲ್ಲಿ ಹೆಬ್ಬೆರಳಿನ ಚಿತ್ರ ಒತ್ತೋಕೆ ಬರುತ್ತೆ, ಕೇಳಿದ್ದಕ್ಕೆ ಉತ್ತರ ಬರೆಯೋಕೆ ಬೆರಳಿಗೆ ಲಕ್ವ ಹೊಡೆದಿದೆಯಾ? ನಮ್ಮ ಮಹಿಳಾ ಸಂಘಕ್ಕೆ ಹೊಸ ಅಧ್ಯಕ್ಷೆ ಯಾರಾಗ್ತೀರಿ ಅಂದರೆ ಒಬ್ಬರಿಗೂ ಬಾಯಿಲ್ಲ.

ಇವತ್ತು ಮೊಮ್ಮಗಳು ಚೈತ್ರಾ ಜೊತೆ ತರೀಕೆರೆಯ ಕೊಬ್ಬರಿ ಮಂಡಿಗೆ ಹೋಗಿದ್ದೆ. ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು ಅವಳೇ. ಎಲ್ಲವೂ ಆಮೆಯಂತೆ ತೆವಳುತ್ತಿದ್ದವು. ಮಂಡಿಯವರು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಹಳೇ ಸ್ವಿಚ್ ಡಬ್ಬಿಯೊಂದನ್ನು ಅಟ್ಟದಿಂದ ಇಳಿಸಿ ಹೊಸ ಡಬ್ಬಿಗಳ ಜೊತೆ ಸೇರಿಸಿದ್ದರು. ಅದು ಬಂದದ್ದೇ ಯಜಮಾನನಾಗಿ ಕೂತಿತ್ತು. ಎಲ್ಲ ಕೆಲಸವೂ ಅದರ ಮೂಲಕವೇ ಹೋಗಬೇಕು.

“ಅದನ್ನ ಯಾರೇ ಕೂರಿಸಿದ್ದು?” ಅಂದೆ.

“ಅವವೇ ಆರಿಸ್ಕೊಂಡ್ವು ಕಣಜ್ಜಿ. ಯಾವುದರ ಅಂಕಿ ಚಿಕ್ಕದೋ ಅದೇ ಯಜಮಾನ. ನಾವು ಅಂಕಿ ಕೊಡ್ದಿದ್ರೆ ಎಲ್ಲಾ ಸಮ. ಆಗ ಕಾರ್ಖಾನೇಲಿ ಹಾಕಿದ ನಂಬರ್ ನೋಡ್ತವೆ. ಇಲ್ಲಿ ಹಳೇದ್ರದ್ದೇ ಚಿಕ್ಕದು.”

“ಹೊಸವು ಏನ್ಮಾಡ್ತಿದ್ವು?”

“ತಲೆ ಆಡಿಸ್ತಿದ್ವು.”

ಅವಳು ಹೊಸದೊಂದು ಗಟ್ಟಿ ಡಬ್ಬಿಗೆ ಚಿಕ್ಕ ಅಂಕಿ ಕೊಟ್ಟಳು. ಕೆಲಸ ಓಡತೊಡಗಿತು. ಹಳೆಯದು ಮೂಲೆಯಲ್ಲಿ ಹಾಯಾಗಿ ಮಿಣುಕುತ್ತಿತ್ತು. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ನೀವೂ ಹಾಗೇ ತಲೆ ಆಡಿಸಿ, ‘ಹಿರಿಯರೇ ಇರಲಿ’ ಅಂತ ಪ್ರತಿ ಸಲ ನನ್ನನ್ನೇ ಕುರ್ಚಿಗೆ ಏರಿಸಿದ್ದೀರಿ. ಈ ಕಾಲು ಎಳೆದುಕೊಂಡು ನಾನು ಹೋಗುವಷ್ಟರಲ್ಲಿ ಬ್ಯಾಂಕಿನವರು ಬಾಗಿಲು ಹಾಕಿರುತ್ತಾರೆ. ಮುಂದಿನ ತಿಂಗಳು ಹುಟ್ಟುವ ಮೊದಲು ಒಬ್ಬಳಾದರೂ ‘ನಾನಾಗ್ತೀನಿ’ ಅಂತ ಇಲ್ಲೇ ಬರೀರಿ. ಹೆಬ್ಬೆರಳು ಲೆಕ್ಕಕ್ಕಿಲ್ಲ.