ಆವಲಮ್ಮ ಮೇಡಂ ಮತ್ತು ಏಳುನೂರೈವತ್ತು ಗ್ರಾಂ

ನಮ್ಮೂರಿನ ಹಾಲಿನ ಡೈರಿಯಲ್ಲಿ ತೂಕ ಹಾಕುವ ಹೆಂಗಸು ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಎಂದರೆ ಹೊರಗಿನವರು ನಗುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನಕ್ಕಿದ್ದೆ. ವಕ್ಕಲೇರಿಯಿಂದ ಮೂರು ಕಿಲೋಮೀಟರ್ ಒಳಗಿರುವ ಈ ಊರಿನಲ್ಲಿ ಆವಲಮ್ಮನವರನ್ನು ಹಿರಿಯರು ಹೆಸರು ಹಿಡಿದು ಕರೆಯುತ್ತಾರೆ, ಮಕ್ಕಳು ಮೇಡಂ ಎನ್ನುತ್ತಾರೆ. ನನಗೆ ಮೊದಲು ಅಕ್ಕ ಆಗಿದ್ದರು. ಮಗಳು ಮುನ್ನಿ ಅವರ ಹತ್ತಿರ ಕಲಿಯಲು ಸೇರಿದ ಮೇಲೆ ನನಗೂ ಮೇಡಂ ಆದರು. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಬರೆದರೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ತಡವಾಯಿತು.

ಅವರ ತವರು ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆ. ಶಾಲೆಯಲ್ಲಿ ಕಬಡ್ಡಿ ಆಡುತ್ತಿದ್ದರಂತೆ. ಹತ್ತನೇ ಕ್ಲಾಸಿಗೆ ಓದೂ ನಿಂತಿತು, ಆಟವೂ ನಿಂತಿತು. ಮದುವೆಯಾಗಿ ಇಲ್ಲಿಗೆ ಬಂದು, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ, ಮಾಲೂರಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಹೆಂಗಸರ ಬ್ಯಾಗು ತಪಾಸಣೆ ಮಾಡುವ ಕೆಲಸಕ್ಕೆ ಸೇರಿದರು. ಅಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಲೆಂದು ಹತ್ತು ದಿನ ಒಬ್ಬ ಮಾಸ್ಟರನ್ನು ಕರೆಸಿದ್ದರು. ಹತ್ತನೇ ದಿನ ಎಲ್ಲರೂ ಫೋಟೋ ತೆಗೆಸಿಕೊಂಡು ಮನೆಗೆ ಹೋದರು. ಆವಲಮ್ಮನವರು ಮಾತ್ರ ಮಾಸ್ಟರ ಹಿಂದೆ ಹೋಗಿ, "ಸಾರ್, ಹನ್ನೊಂದನೇ ದಿನ ಎಲ್ಲಿ?" ಎಂದು ಕೇಳಿದರು. ಆಗ ಅವರಿಗೆ ಮೂವತ್ತೊಂದು ವರ್ಷ. ಮುಂದೆ ಎಂಟು ವರ್ಷ ಪ್ರತಿ ಭಾನುವಾರ ಬಸ್ಸು ಹತ್ತಿ ಮಾಲೂರಿಗೆ ಹೋಗಿ, ಐದನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ನಿಂತು ಕಲಿತರು.

ಅವರದು ಫುಲ್ ಕಾಂಟ್ಯಾಕ್ಟ್ ಕರಾಟೆ. ಏಟನ್ನು ಮೈ ಹತ್ತಿರ ತಂದು ನಿಲ್ಲಿಸುವಂಥದ್ದಲ್ಲ, ನಿಜವಾಗಿಯೇ ಬೀಳುತ್ತದೆ. ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ. ಹೊಟ್ಟೆಗೆ, ಎದೆಗೆ, ತೊಡೆಗೆ ಹೊಡೆಯಬಹುದು. ಮಕ್ಕಳಾದರೆ ತಲೆಗೂ ಎದೆಗೂ ಗಾರ್ಡು ಕಟ್ಟುತ್ತಾರೆ. ಮೊದಲ ಸಲ ತೊಡೆ ನೀಲಿಗಟ್ಟಿಸಿಕೊಂಡು ಮನೆಗೆ ಬಂದಾಗ ಅವರ ಅತ್ತೆ, ಮಗನೇ ಹೆಂಡತಿಯನ್ನು ಹೊಡೆದಿದ್ದಾನೆ ಎಂದುಕೊಂಡು ಅವನಿಗೆ ಎರಡು ದಿನ ಅನ್ನ ಬಡಿಸಲಿಲ್ಲವಂತೆ. ಈ ಕಥೆಯನ್ನು ಮೇಡಂ ಹೇಳುವಾಗ ನಗದವರೇ ಇಲ್ಲ.

ಕಾರ್ಖಾನೆ ಬಿಟ್ಟ ಮೇಲೆ ಡೈರಿ ಕೆಲಸಕ್ಕೆ ಸೇರಿದರು. ಶಾಲೆ ಬಿಟ್ಟಮೇಲೆ, ಸಂಜೆ ಹಾಲು ಶುರುವಾಗುವ ಮುಂಚೆ ಸಿಗುವ ಒಂದು ಗಂಟೆಯಲ್ಲಿ ಡೈರಿ ಮುಂದಿನ ಕಟ್ಟೆಯ ಮೇಲೆ ಹನ್ನೊಂದು ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದರು. ಈ ಆಟದಲ್ಲಿ ತೂಕವೇ ಮುಖ್ಯ. ಇಪ್ಪತ್ತೈದು ಕೆಜಿ ಒಳಗಿನವರದು ಒಂದು ಗುಂಪು, ಮೂವತ್ತರವರೆಗೆ ಇನ್ನೊಂದು. ಹಾಗಾಗಿ ಮಕ್ಕಳನ್ನು ಹಾಲಿನ ಸ್ಕೇಲಿನ ಮೇಲೆಯೇ ನಿಲ್ಲಿಸಿ ತೂಗುತ್ತಿದ್ದರು. ನಿಲ್ಲಿಸುವ ಮುಂಚೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು, ಆಮೇಲೆ ಬಿಸಿನೀರಿನಲ್ಲಿ ಒರೆಸುತ್ತಿದ್ದರು. ಊರಿನಲ್ಲಿ ಮತ್ತೆ ತಕ್ಕಡಿ ಎಲ್ಲಿದೆ?

ಮೇ ತಿಂಗಳ ಕೊನೆಯ ಭಾನುವಾರ ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ಪಂದ್ಯಾವಳಿ ಇತ್ತು. ಮುನ್ನಿಗೆ ಒಂಬತ್ತು ವರ್ಷ, ಅದು ಅವಳ ಮೊದಲ ಪಂದ್ಯ. ಬೆಳಿಗ್ಗೆ ಆರೂವರೆಗೆ ಹಾಲು ಮುಗಿದ ಕೂಡಲೇ ಮೇಡಂ ಎಲ್ಲರನ್ನೂ ತೂಗಿದರು. ಮುನ್ನಿ ಇಪ್ಪತ್ತನಾಲ್ಕು ಕೆಜಿ ಆರುನೂರು ಗ್ರಾಂ.

"ಇಲ್ಲಿಂದ ಅಲ್ಲಿ ತೂಕ ಆಗೋವರ್ಗೂ ಮಕ್ಳ ಬಾಯಿಗೆ ಏನೂ ಹಾಕ್ಬೇಡ್ರಮ್ಮ," ಎಂದು ತಾಯಂದಿರಿಗೆಲ್ಲ ಹೇಳಿದರು. "ಒಂಬತ್ತಕ್ಕೆ ತೂಕ. ಆದ್ಮೇಲೆ ನಾನೇ ಇಡ್ಲಿ ಕೊಡಿಸ್ತೀನಿ. ಮುನ್ನೀದು ಅಂಚಲ್ಲಿದೆ, ಗಂಗಾ. ನಿಂಗೇ ಹೇಳ್ತಿರೋದು."

"ಆಯ್ತು ಮೇಡಂ," ಎಂದೆ.

ಮನೆಗೆ ಬಂದು ಬಟ್ಟೆ ಹಾಕುವಾಗ ಮಗುವಿನ ಹೊಟ್ಟೆ ಬೆನ್ನಿಗೆ ಅಂಟಿದ ಹಾಗೆ ಕಂಡಿತು. ಹೊಡೆತ ತಿನ್ನಲು ಹೋಗುವ ಮಗುವನ್ನು ಖಾಲಿ ಹೊಟ್ಟೆಯಲ್ಲಿ ಕಳಿಸುವುದು ನನ್ನಿಂದ ಆಗಲಿಲ್ಲ. ಒಂದು ದೊಡ್ಡ ಲೋಟ ರಾಗಿ ಅಂಬಲಿ ಮಜ್ಜಿಗೆ ಬೆರೆಸಿ ಕುಡಿಸಿದೆ. ಶ್ರೀನಿವಾಸಪುರದ ಕಡೆಯ ನನ್ನ ತವರಿನಿಂದ ರಸಪೂರಿ ಮಾವಿನಹಣ್ಣು ಬಂದಿತ್ತು. ಎರಡು ಹಿಂಡಿ ಕೊಟ್ಟೆ.

"ಮೇಡಂ ಬೈತಾರೆ ಅಮ್ಮ," ಎಂದಳು ಮುನ್ನಿ, ತುಟಿ ನೆಕ್ಕಿಕೊಳ್ಳುತ್ತ.

"ಕೇಳಿದ್ರೆ ತಿಂದಿಲ್ಲ ಅನ್ನು. ಹಣ್ಣೇನು ಊಟವಾ?"

ಹೀಗೆ ಹೇಳಿಕೊಟ್ಟವಳು ನಾನು.

ಕೋಲಾರದಲ್ಲಿ ತೂಕ ನೋಡಿದ ಹುಡುಗ, "ಇಪ್ಪತ್ತೈದು ಮುನ್ನೂರೈವತ್ತು, ಮೇಲಿನ ಗುಂಪು," ಎಂದು ಬರೆದುಕೊಂಡ. ಎರಡನೇ ಸಲ ತೂಗುವುದಿಲ್ಲವಂತೆ. ಮೇಡಂ ಮುನ್ನಿಯ ಎದುರು ಕುಕ್ಕರುಗಾಲಲ್ಲಿ ಕೂತು ಕೇಳಿದರು. "ಏನಾದ್ರೂ ತಿಂದ್ಯಾ ಕಂದ?"

ಮುನ್ನಿ ನನ್ನ ಮುಖ ನೋಡಿ, "ಇಲ್ಲ ಮೇಡಂ," ಎಂದಳು.

ಮೇಡಂ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಳ್ಳುತ್ತ ನಿಂತೆ.

"ಬೇಕಾದ್ರೆ ಹೆಸ್ರು ವಾಪಸ್ ತಗೋಬೋದು ಗಂಗಾ. ಎದುರಿಗಿರೋಳು ನಾಲ್ಕು ಕೇಜಿ ದೊಡ್ಡೋಳು."

"ಇರ್ಲಿ ಮೇಡಂ, ಆಡ್ಲಿ," ಎಂದೆ. ಊರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ.

ಅರ್ಧ ನಿಮಿಷ ಮುನ್ನಿ ಚೆನ್ನಾಗಿಯೇ ಆಡಿದಳು. ಆಮೇಲೆ ಎದುರಿಗಿದ್ದ ಮಾಲೂರಿನ ಹುಡುಗಿ ಹೊಟ್ಟೆಗೆ ಒಂದು ಒದೆ ಕೊಟ್ಟಳು, ಹಿಂದೆಯೇ ಇನ್ನೊಂದು. ಮುನ್ನಿ ಕುಸಿದು ಕೂತು ಮ್ಯಾಟಿನ ಮೇಲೆಯೇ ವಾಂತಿ ಮಾಡಿದಳು. ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಮೇಡಂ ಕುತ್ತಿಗೆಯಲ್ಲಿದ್ದ ಟವೆಲ್ಲು ತೆಗೆದು ಮಂಡಿಯೂರಿ ನೆಲ ಒರೆಸಿದರು. ಡಾಕ್ಟರು ನೋಡಿ ಏನೂ ಆಗಿಲ್ಲ ಎಂದರು.

ಮರುದಿನ ಬೆಳಿಗ್ಗೆ ಹಾಲು ಹಾಕುವ ಸಾಲಿನಲ್ಲಿ ನಮ್ಮತ್ತೆ ಬೈರಮ್ಮ ಎಲ್ಲರ ಮುಂದೆಯೇ ಹಿಡಿದುಕೊಂಡರು. "ಅಷ್ಟು ದೊಡ್ಡ ಹುಡುಗಿ ಮುಂದೆ ನಮ್ ಮಗೂನ ನಿಲ್ಸಿದ್ರಲ್ಲ, ನೀನೇನ್ ನೋಡ್ತಾ ನಿಂತಿದ್ಯೇ?"

ಆಗಲಾದರೂ ನಿಜ ಹೇಳಬಹುದಿತ್ತು. ನನ್ನ ಬಾಯಲ್ಲಿ ಬಂದದ್ದು ಬೇರೆ. "ನಾನೇನ್ ಮಾಡ್ಲಿ ಅತ್ತೆ? ಇಲ್ಲಿ ಇಪ್ಪತ್ನಾಲ್ಕು ಆರ್ನೂರು ತೋರಿಸ್ತು, ಅಲ್ಲಿ ಇಪ್ಪತ್ತೈದು ಮುನ್ನೂರೈವತ್ತು. ಈ ಸ್ಕೇಲೇ ಸರಿಯಿಲ್ಲ."

ಬೇರೆ ಯಾವ ಊರಿನಲ್ಲಾದರೂ ಅದು ಸಣ್ಣ ಮಾತು. ಇಡೀ ಊರಿನ ಹಾಲು ದಿನಕ್ಕೆರಡು ಸಲ ಆ ಸ್ಕೇಲಿನ ಮೇಲೆ ಹತ್ತಿ ಇಳಿಯುತ್ತದೆ ಎಂಬುದು ನನಗೆ ಆ ಕ್ಷಣ ಹೊಳೆಯಲಿಲ್ಲ. ನನ್ನ ಹಿಂದೆ ನಿಂತಿದ್ದ ನರಸಿಂಹಪ್ಪನವರಿಗೆ ಹೊಳೆಯಿತು. ನಾಲ್ಕು ಹಸು ಕಟ್ಟಿರುವವರು ಅವರು.

"ಅವುನಾ?" ಎಂದು ತೆಲುಗಿನಲ್ಲೇ ರಾಗ ಎಳೆದರು. "ಅಂದ್ರೆ ಮುಕ್ಕಾಲು ಕೇಜಿ ಕಮ್ಮಿ ತೋರಿಸ್ತದೆ ಅನ್ನು! ಅದಕ್ಕೇ ಮತ್ತೆ, ನಮ್ಮ ಸೀಮೆಹಸು ತಿನ್ನೋದು ನೋಡಿದ್ರೆ ಕೊಳಗ ತುಂಬ್ಬೇಕು, ಇಲ್ಲಿ ಬಂದ್ರೆ ಹಾಲೇ ಕಮ್ಮಿ."

"ಮಕ್ಳನ್ನ ಹತ್ತಿಸಿ ಹತ್ತಿಸಿ ಕೆಡಿಸಿದ್ದಾಳೆ," ಎಂದು ಇನ್ಯಾರೋ ಅಂದರು.

"ಕೆಟ್ಟಿರೋದು ಸ್ಕೇಲಾ, ತೂಗೋ ಕೈಯಾ, ಯಾರಿಗ್ಗೊತ್ತು?"

ಮೇಡಂ ಒಳಗೆ ಕ್ಯಾನು ಇಡುತ್ತಿದ್ದರು. ಅವರಿಗೆ ಎಲ್ಲ ಕೇಳಿಸಿತು. ನನ್ನ ಸರದಿ ಬಂದಾಗ ಹಾಲು ತೂಗಿ ಚೀಟಿ ಕೊಟ್ಟರು. ಅಷ್ಟೇ.

ಡೈರಿ ಕಾರ್ಯದರ್ಶಿ ಚನ್ನರಾಯಪ್ಪನವರು ಮೂರನೇ ದಿನ ಕೋಲಾರದಿಂದ ಮುದ್ರೆ ಹೊಡೆದ ಇಪ್ಪತ್ತು ಕೆಜಿ ಕಲ್ಲು ತರಿಸಿ ಎಲ್ಲರೆದುರು ಸ್ಕೇಲಿನ ಮೇಲೆ ಇಟ್ಟರು. ಸರಿಯಾಗಿ ಇಪ್ಪತ್ತು ತೋರಿಸಿತು. "ಮೂರು ದಿನ ಟೈಮ್ ಸಿಕ್ಕಿದ್ರೆ ನಾನೂ ಸರಿಮಾಡ್ತೀನಿ," ಎಂದರು ನರಸಿಂಹಪ್ಪ. ಗದ್ದಲ ತಣ್ಣಗಾಗಲಿ ಎಂದು ಚನ್ನರಾಯಪ್ಪನವರು ಮೇಡಂ ಅವರನ್ನು ಸ್ಕೇಲಿನಿಂದ ತೆಗೆದು ಕ್ಯಾನು ತೊಳೆಯಲು ಹಾಕಿದರು. ಕಟ್ಟೆಯ ಮೇಲಿನ ಕ್ಲಾಸು ನಿಂತಿತು.

ನಾನು ದಿನಚರಿ ಬರೆಯುವವಳು. ಮುನ್ನಿಗೆ ಹಲ್ಲು ಬಂದದ್ದು, ಜ್ವರ ಬಂದದ್ದು, ಎಲ್ಲವೂ ಆ ಪುಸ್ತಕಗಳಲ್ಲಿವೆ. ಖಾಲಿ ಬಿಟ್ಟಿದ್ದ ಆ ಭಾನುವಾರದ ಪುಟದಲ್ಲಿ ಆಮೇಲೆ, "ಸ್ಕೇಲು ಸರಿಯಿಲ್ಲದೆ ಮಗುವಿಗೆ ಅನ್ಯಾಯವಾಯಿತು," ಎಂದು ಬರೆದಿಟ್ಟಿದ್ದೇನೆ. ನಾನಲ್ಲದೆ ಯಾರೂ ಓದದ ಪುಸ್ತಕದಲ್ಲೂ ಸುಳ್ಳು. ಆ ಪುಟ ಬಂದರೆ ಈಗಲೂ ಬೇಗ ಮಗುಚಿಬಿಡುತ್ತೇನೆ.

ದಿನಾ ಬೆಳಿಗ್ಗೆ ಹಾಲು ಹಾಕಲು ಹೋದಾಗ ಹಿತ್ತಿಲಿನ ನಲ್ಲಿಯ ಹತ್ತಿರ ಸೋಡಾ ಪುಡಿ ಹಾಕಿ ಕ್ಯಾನು ಉಜ್ಜುವ ಸದ್ದು ಕೇಳುತ್ತಿತ್ತು. ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗುತ್ತಿದ್ದೆ, ಚೀಟಿ ಹಿಡಿದುಕೊಂಡು ಬಂದುಬಿಡುತ್ತಿದ್ದೆ. ಎಲ್ಲರೂ ಮರೆತರೆ ಸಾಕು ಎನ್ನಿಸುತ್ತಿತ್ತು. ಯಾರೂ ಮರೆಯಲಿಲ್ಲ. ಒಂದು ಸಂಜೆ ಜಡೆ ಹಾಕಿಸಿಕೊಳ್ಳುತ್ತ ಮುನ್ನಿ ಕೇಳಿದಳು.

"ಅಮ್ಮ, ನಾನು ಸುಳ್ಳು ಹೇಳಿದ್ದಕ್ಕೇನಾ ಮೇಡಂ ಕ್ಲಾಸು ಹೋಗಿದ್ದು?"

ಬಾಚಣಿಗೆ ಹಿಡಿದ ಕೈ ನಿಂತುಹೋಯಿತು. "ನೀನಲ್ಲ ಕಂದ," ಎಂದೆ. ಹತ್ತೊಂಬತ್ತು ದಿನ ಈ ಮಗು ನನ್ನ ತಪ್ಪನ್ನು ತನ್ನದೆಂದುಕೊಂಡು ಶಾಲೆಗೆ ಹೋಗಿ ಬಂದಿತ್ತು.

ಮರುದಿನ ಹಾಲಿನ ಜೊತೆ ಒಂದು ದೊಡ್ಡ ಲೋಟ ಅಂಬಲಿ, ಎರಡು ಹಣ್ಣು ತೆಗೆದುಕೊಂಡು ಹೋದೆ. ಬರೀ ಬಾಯಲ್ಲಿ ಹೇಳಿದರೆ ಮೇಡಂ ಪರವಾಗಿ ಯಾರೋ ಹೇಳಿಕೊಟ್ಟಿದ್ದಾರೆ ಅನ್ನುತ್ತಾರೆಂದು ಗೊತ್ತಿತ್ತು. ಸಾಲು ಉದ್ದವಿತ್ತು. ನನ್ನ ಸರದಿ ಬಂದಾಗ ಪ್ಲಾಸ್ಟಿಕ್ ಹಾಳೆ ಹಾಸಿ, ಚಪ್ಪಲಿ ಬಿಟ್ಟು, ನಾನೇ ಸ್ಕೇಲಿನ ಮೇಲೆ ಹತ್ತಿ ನಿಂತೆ.

"ಏನಮ್ಮೀ, ಹಾಲಿನ ಬದ್ಲು ನೀನೇ ಹತ್ತಿದ್ದೀಯ!" ಎಂದರು ನರಸಿಂಹಪ್ಪ. "ಫ್ಯಾಟ್ ಎಷ್ಟು ಬರ್ತದೋ ನೋಡ್ರಪ್ಪ."

ಎಲ್ಲರೂ ನಕ್ಕರು. ಅತ್ತೆ, "ಇಳಿಯೇ, ಮಾನ ಕಳೀಬೇಡ," ಎಂದು ಸೆರಗು ಹಿಡಿದು ಎಳೆದರು.

"ಎಷ್ಟು ತೋರಿಸ್ತದೆ ಓದಿ, ನರಸಿಂಹಪ್ಪಣ್ಣ," ಎಂದೆ.

"ಐವತ್ತೊಂದು ಇನ್ನೂರು."

ಇಳಿದೆ. ಅಷ್ಟೂ ಜನರ ಮುಂದೆ ನಿಂತು ಅಂಬಲಿ ಕುಡಿದೆ. ಹಣ್ಣಿನ ತೊಟ್ಟು ಕಿತ್ತು ಎರಡನ್ನೂ ಹೀರಿದೆ. ರಸ ಮೊಣಕೈಗೆ ಇಳಿಯಿತು. ಗಂಡಸರು ನಗುತ್ತಿದ್ದರು. ಗೊರಟೆ ಕೆಳಗಿಟ್ಟು, ಕೈ ತೊಳೆದು ಮತ್ತೆ ಹತ್ತಿದೆ.

"ಐವತ್ತೊಂದು ಒಂಬೈನೂರ ನಲ್ವತ್ತು," ಎಂದು ಓದಿದರು ನರಸಿಂಹಪ್ಪ. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಸ್ಕೇಲು ಸರಿಯಾಗೇ ಇದೆ. ಅವತ್ತು ಮೇಡಂ ತೂಗಿದ್ಮೇಲೆ ನಾನು ಮಗೂಗೆ ಇಷ್ಟನ್ನೂ ತಿನ್ನಿಸ್ದೆ. ತಿಂದಿಲ್ಲ ಅಂತ ಹೇಳು ಅಂದಿದ್ದೂ ನಾನೇ. ಮಗೂದು ಏನೂ ತಪ್ಪಿಲ್ಲ," ಎಂದೆ.

ಅತ್ತೆ ಕೊಳಗ ಅಲ್ಲೇ ಬಿಟ್ಟು ಮನೆಗೆ ನಡೆದರು. ಚನ್ನರಾಯಪ್ಪನವರು ಕನ್ನಡಕ ತೆಗೆದು, "ಎಂಥ ಕೆಲ್ಸ ಮಾಡ್ದೆ ತಾಯಿ," ಎಂದರು.

ಹಿತ್ತಿಲಿಗೆ ಹೋದೆ. ಮೇಡಂ ಕ್ಯಾನಿನೊಳಗೆ ತೋಳಿನವರೆಗೆ ಕೈ ಹಾಕಿ ಉಜ್ಜುತ್ತಿದ್ದರು. ಸೋಡಾದಿಂದ ಬೆರಳ ಸಂದಿಯೆಲ್ಲ ಸುಲಿದು ಕೆಂಪಾಗಿತ್ತು. ಕಾಲು ಮುಟ್ಟಲು ಬಗ್ಗಿದೆ. ಅವರು ಹಿಂದೆ ಸರಿದರು.

"ಅವತ್ತೇ ಗೊತ್ತಿತ್ತು ನಂಗೆ," ಎಂದರು. "ಮ್ಯಾಟು ಒರೆಸಿದ್ದು ನಾನಲ್ವಾ? ಮಾವಿನಹಣ್ಣು ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ಮೇಡಂ?"

"ಏನಂತ ಹೇಳ್ಲಿ? ತಿಂದ್ಯಾ ಅಂದೆ, ಇಲ್ಲ ಅಂತು ಮಗು. ಒಂಬತ್ತು ವರ್ಷದ ಮಗೂನ ಹಾಲಿನ ಸಾಲಲ್ಲಿ ನಿಲ್ಸಿ ಸುಳ್ಳಿ ಅನ್ಲಾ?" ಕ್ಯಾನು ಬೋರಲು ಹಾಕಿದರು. "ನೀನೇ ಬರ್ತೀಯ ಅಂದ್ಕೊಂಡೆ. ಒಂದಿನ, ಎರಡ್ ದಿನ. ತಡ ಮಾಡ್ದೆ ಗಂಗಾ."

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ನಲ್ಲಿ ನಿಲ್ಲಿಸಿ, "ತುಂಬಿದ ಹೊಟ್ಟೆಗೆ ಒದೆ ಬಿದ್ದು ಮಗೂಗೆ ಏನಾದ್ರೂ ಆಗಿದ್ರೆ? ಅದನ್ನ ಯೋಚ್ನೆ ಮಾಡಿದ್ಯಾ?" ಎಂದರು. ಸ್ಕೇಲಿನ ಬಗ್ಗೆ, ಕೆಲಸದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. "ಸೋಮವಾರದಿಂದ ಕ್ಲಾಸು ಶುರು ಮಾಡ್ತೀನಿ. ಮುನ್ನೀನ ಕಳ್ಸು. ನೀನು ಬಂದು ನಿಲ್ಲಬೇಡ."

ಎರಡು ತಿಂಗಳಾಯಿತು. ಮೇಡಂ ಮತ್ತೆ ಸ್ಕೇಲಿಗೆ ಬಂದಿದ್ದಾರೆ. ಹನ್ನೊಂದು ಮಕ್ಕಳಲ್ಲಿ ಏಳು ವಾಪಸ್ಸು ಬಂದಿವೆ. ಮುನ್ನಿ ಸಂಜೆ ಓಡಿಹೋಗುತ್ತಾಳೆ, ನಾನು ಮನೆಯಲ್ಲೇ ಇರುತ್ತೇನೆ. ಆದರೆ ಬೆಳಗಿನ ಸಾಲಿನಲ್ಲಿ ದಿನಕ್ಕೊಬ್ಬರಾದರೂ, "ಇನ್ನೊಂದ್ಸಲ ಇಡಮ್ಮ," ಎನ್ನುತ್ತಾರೆ. ಅವರೇನು ಜಗಳಕ್ಕೆ ಹೇಳುವುದಿಲ್ಲ, ಅಭ್ಯಾಸವಾಗಿಬಿಟ್ಟಿದೆ. ಈ ಊರಿನಲ್ಲಿ ಮೊದಲು ಆ ಮಾತು ಇರಲಿಲ್ಲ.

ನಿನ್ನೆ ಹಾಗೆ ಅಂದವರು ನಮ್ಮತ್ತೆ. ಮೇಡಂ ಕೊಳಗ ಇಳಿಸಿ, ಸೊನ್ನೆ ಬರುವವರೆಗೆ ಕಾದು, ಮತ್ತೆ ಇಟ್ಟರು. ಅತ್ತೆ ಬಗ್ಗಿ ಅಂಕಿ ನೋಡಿದರು. ನಾನು ಪಕ್ಕದಲ್ಲೇ ಇದ್ದೆ. ತಲೆ ಎತ್ತಲಿಲ್ಲ.